ಮಂಟಪದ ಪಕ್ಕದ ಹೊಲಕ್ಕೆ ಬೇಲಿ: ಮೂಲೆಗಂಬ ಗಟ್ಟಿಯಿರಲಿ

ಬೆಂಗಳೂರು ಹೊರವಲಯದ ಹೆಸರಘಟ್ಟ, ಮಾದಾವರದ ಕಡೆ ಕಲ್ಯಾಣ ಮಂಟಪ, ಮೈದಾನಗಳಿಗೆ ಅಂಟಿಕೊಂಡ ಹೊಲ ಇರುವವರು, ಅಲ್ಲಿಗೆ ಬರುವ ಜನ ಒಳನುಗ್ಗದಂತೆ ಬೇಲಿ ಹಾಕುವುದಾದರೆ ಮೊದಲು ಹದ್ದುಬಸ್ತು (ಸರ್ವೆಯರ್ ಅಳೆದು ಗಡಿ ಗುರುತಿಸುವುದು) ಮಾಡಿಸಿ, ಆಮೇಲೆ ಕಂಬ ನೆಡಿ. 7 ಅಡಿಯ ಕಲ್ಲುಕಂಬ ಸಾಕು: 2 ಅಡಿ ನೆಲದೊಳಗೆ, 8 ಅಡಿಗೊಂದು. ಮುಳ್ಳುತಂತಿ 5 ಎಳೆ. ಕೆಳಗಿನ ಮೂರನ್ನು 8 ಅಂಗುಲಕ್ಕೊಂದರಂತೆ ಎಳೆಯಿರಿ, ಜನ ನುಸುಳುವುದು ಅಲ್ಲೇ. ಮೂಲೆಗಂಬಕ್ಕೆ ಎರಡೂ ಕಡೆ ಸಪೋರ್ಟ್ ಕಲ್ಲು ಕೊಡದಿದ್ದರೆ ತಂತಿಯ ಎಳೆತಕ್ಕೆ ಕಂಬ ಒಳಕ್ಕೆ ವಾಲುತ್ತದೆ, ಇಡೀ ಸಾಲು ಜೋಲುತ್ತದೆ. ಎಷ್ಟೋ ಬೇಲಿ ಕೆಡುವುದೇ ಹೀಗೆ.

ಮುಂಗಾರಿನಲ್ಲಿ ಒಳಬದಿಗೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಕಡ್ಡಿ ಅಡಿಗೊಂದು ನೆಟ್ಟರೆ ಮರೆಯೂ ಆಯಿತು, ಹಸಿರುಗೊಬ್ಬರವೂ ಆಯಿತು. ಜನ ತುಳಿದು ರೂಢಿಯಾದ ಕಾಲುದಾರಿಯನ್ನು ಸುಮ್ಮನೆ ಮುಚ್ಚಿದರೆ ತಂತಿ ಕತ್ತರಿಸುತ್ತಾರೆ. ಅಂಚಿನಲ್ಲಿ 3 ಅಡಿ ದಾರಿ ಬಿಟ್ಟು, ಮಂಟಪದ ಗೇಟಿನತ್ತ ಬಾಣದ ಬೋರ್ಡ್ ಹಾಕಿ. ಮನೆಯ ಕರೆಂಟನ್ನು ಮಾತ್ರ ತಂತಿಗೆ ಕೊಡಲೇಬೇಡಿ. ಅದು ಅಪರಾಧ, ಮಗುವೊಂದು ಮುಟ್ಟಿದರೂ ಪ್ರಾಣ ಹೋಗುತ್ತದೆ.