ಎಸ್ಟೀಮ್‌ಗೆ ಮನೆಯಲ್ಲೇ ಮಾಡಿದ ಕೋಲ್ಡ್ ಏರ್ ಇನ್‌ಟೇಕ್: ಖರ್ಚು ಸಾವಿರದ ನಾನೂರು

ಮೂರನೇ ಗೇರಿನಲ್ಲಿ ಗಂಟೆಗೆ 40ರಿಂದ 80 ಕಿ.ಮೀ. ವೇಗ ಮುಟ್ಟಲು ನನ್ನ ಮಾರುತಿ ಎಸ್ಟೀಮ್ ಕಾರು ಮೊದಲು ಒಂಬತ್ತೂ ಕಾಲು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಈಗ ಎಂಟೂ ಮುಕ್ಕಾಲು. ಅರ್ಧ ಸೆಕೆಂಡ್ ಎಂದು ಮೂಗು ಮುರಿಯಬೇಡಿ. ಎಂಜಿನ್ ಬಿಚ್ಚಿಲ್ಲ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮುಟ್ಟಿಲ್ಲ, ಒಂದು ಬೋಲ್ಟಿನಷ್ಟೂ ಹೊಸ ತೂತು ಬಾಡಿಗೆ ಹೊಡೆದಿಲ್ಲ. ಗುಜರಿ ಸಾಮಾನು, ಪ್ಲಂಬಿಂಗ್ ಅಂಗಡಿಯ ಪೈಪು ಮತ್ತು ಒಂದು ಎಣ್ಣೆ ಡಬ್ಬದಲ್ಲಿ ಆದ ಕೆಲಸ ಇದು: ಬಾನೆಟ್ಟಿನೊಳಗಿನ ಬಿಸಿ ಗಾಳಿಯ ಬದಲು ಮುಂದಿನಿಂದ ತಣ್ಣನೆ ಗಾಳಿಯನ್ನು ಎಂಜಿನ್ನಿಗೆ ತಂದುಕೊಡುವುದು. ಆಗುವುದಿಲ್ಲ ಎಂದವರೇ ಈಗ ಬಾನೆಟ್ ಎತ್ತಿ ತೋರಿಸಿ ಎನ್ನುತ್ತಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಗಾಡಿ 2004ರದ್ದು. 1298 ಸಿಸಿ, ಹದಿನಾರು ವಾಲ್ವಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ) ಎಂಜಿನ್, ಕಂಪನಿ ಲೆಕ್ಕದಲ್ಲಿ 85 ಅಶ್ವಶಕ್ತಿ. ನಾನು ಕೊಳ್ಳುವಾಗಲೇ ಹಳೆಯ ಮಾಲೀಕರು ಕಂಪನಿಯ ಏರ್ ಫಿಲ್ಟರ್ ಪೆಟ್ಟಿಗೆ ಕಿತ್ತೆಸೆದು ಕೆಂಪು ಬಣ್ಣದ, ಪೆಟ್ಟಿಗೆಯಿಲ್ಲದೆ ಬಾನೆಟ್ಟಿನೊಳಗೆ ತೆರೆದೇ ಇರುವ ಕೋನ್ ಫಿಲ್ಟರ್ ಹಾಕಿಸಿದ್ದರು. ಸದ್ದು ಭರ್ಜರಿಯಾಗಿತ್ತು. ಬೆಳಿಗ್ಗೆ ಆರು ಗಂಟೆಗೆ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಮಧ್ಯಾಹ್ನ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೊರಟಾಗ ಮಾತ್ರ ಎಳೆತವೇ ಇರುತ್ತಿರಲಿಲ್ಲ. ತೋರಿಸಿದ ಗ್ಯಾರೇಜುಗಳಲ್ಲೆಲ್ಲ ಪ್ಲಗ್ ಬದಲಾಯಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿ ಎಂದರು. ಎರಡನ್ನೂ ಮಾಡಿಸಿದೆ. ಎರಡೂವರೆ ಸಾವಿರ ಹೋಯಿತು, ಎಳೆತ ಬರಲಿಲ್ಲ.

ಕೊನೆಗೆ ಫ್ರಿಜ್ಜಿಗೆ ಇಡುವ, ಒಂದು ಮೀಟರ್ ವೈರಿನ ತುದಿಯಲ್ಲಿ ಸೆನ್ಸರ್ ಇರುವ ನೂರೈವತ್ತು ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ತಂದೆ. ಸೆನ್ಸರನ್ನು ಕೋನ್ ಫಿಲ್ಟರಿನ ಮಗ್ಗುಲಿಗೆ ಕಟ್ಟಿ, ವೈರಿಗೆ ತುಂಡು ಸೇರಿಸಿ ಡ್ಯಾಶ್‌ಬೋರ್ಡಿಗೆ ಎಳೆದೆ. ಹೊರಗೆ 31 ಡಿಗ್ರಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿದ್ದಾಗ ತೋರಿಸಿದ್ದು 65ರ ಹತ್ತಿರ. ಎಂಬತ್ತರ ವೇಗದಲ್ಲಿ ಓಡುವಾಗಲೂ 48ಕ್ಕಿಂತ ಕೆಳಗೆ ಇಳಿಯಲಿಲ್ಲ. ರೇಡಿಯೇಟರಿನ ಫ್ಯಾನ್ ಹಿಂದಕ್ಕೆ ತಳ್ಳುವ ಬಿಸಿ ಗಾಳಿಯನ್ನೇ ಎಂಜಿನ್ ಉಸಿರಾಡುತ್ತಿತ್ತು. ಮೂರು ಡಿಗ್ರಿ ತಣ್ಣಗಾದರೆ ಗಾಳಿಯ ಸಾಂದ್ರತೆ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ. ಅಂದರೆ ಟ್ರಾಫಿಕ್ಕಿನಲ್ಲಿ ನಾನು ಕಳೆದುಕೊಳ್ಳುತ್ತಿದ್ದ ಗಾಳಿ, ಅದರ ಜೊತೆಗೆ ಎಳೆತ, ಶೇ. 10ರ ಆಸುಪಾಸು.

ಇನ್ನೊಂದು ಅನಾಹುತವೂ ಅಲ್ಲೇ ಸಿಕ್ಕಿತು. ಒಳಗೆ ಹೋಗುವ ಗಾಳಿಯ ಬಿಸಿಯನ್ನು ಇಸಿಯುಗೆ ತಿಳಿಸುವ ಸೆನ್ಸರನ್ನು ಪೆಟ್ಟಿಗೆ ಇಲ್ಲದ ಕಾರಣಕ್ಕೆ ಹೊರಗೇ ಕೇಬಲ್ ಟೈ ಹಾಕಿ ನೇತುಬಿಟ್ಟಿದ್ದರು. ಮೊದಲು ಅದನ್ನು ಗಾಳಿಯ ದಾರಿಯೊಳಗೆ ಕೂರಿಸಿದೆ. ಒಂಬತ್ತೂ ಕಾಲು ಸೆಕೆಂಡಿನ ಲೆಕ್ಕ ಇದಾದ ಮೇಲಿನದು. ಇಲ್ಲದಿದ್ದರೆ ಸೆನ್ಸರಿನ ಪುಣ್ಯವೆಲ್ಲ ಪೈಪಿನ ಖಾತೆಗೆ ಜಮೆಯಾಗುತ್ತಿತ್ತು.

ಪೈಪ್ ಎಳೆದು ಮುಂದಿನಿಂದ ತಣ್ಣನೆ ಗಾಳಿ ತರುತ್ತೇನೆ ಎಂದಾಗ ನಮ್ಮ ಮೆಕ್ಯಾನಿಕ್, "ಸರ್, ಅದೆಲ್ಲ ದುಡ್ಡು ದಂಡ. ಒಳ್ಳೆಯ ಬ್ರ್ಯಾಂಡಿನ ಫಿಲ್ಟರ್ ಹಾಕಿಸಿ, ಅದರಲ್ಲಿ ಗಾಳಿ ಸಲೀಸಾಗಿ ಹೋಗುತ್ತದೆ" ಎಂದರು. ನನ್ನ ಭಾವನದೂ ಅದೇ ರಾಗ. ಈ ಮಾತನ್ನು ಅಳೆದೇ ನೋಡಬೇಕು ಅನ್ನಿಸಿತು. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಲೆವೆಲ್ ಟ್ಯೂಬ್ ಎರಡು ಮೀಟರ್ ತಂದು, ಬಣ್ಣದ ನೀರು ತುಂಬಿ, ಯು ಆಕಾರಕ್ಕೆ ಹಲಗೆಯ ಮೇಲೆ ಬಡಿದು, ಒಂದು ತುದಿಯನ್ನು ಫಿಲ್ಟರಿನ ಹಿಂದಿನ ಪೈಪಿಗೆ ಚುಚ್ಚಿದೆ. ಪಕ್ಕದ ಸೀಟಿನಲ್ಲಿ ಕುಳಿತ ಗೆಳೆಯ ಓದಿ ಹೇಳಿದ. ನೀರಿನ ಮಟ್ಟಗಳ ಅಂತರ ಹೆಚ್ಚಿದಷ್ಟೂ ಗಾಳಿಗೆ ಅಡ್ಡಿ ಹೆಚ್ಚು ಎಂದರ್ಥ. ಎರಡನೇ ಗೇರ್, ಪೂರ್ತಿ ಆಕ್ಸಿಲರೇಟರ್: ಕೋನ್ ಫಿಲ್ಟರಿನಲ್ಲಿ ನೀರಿನ ಎರಡು ಮಟ್ಟಗಳ ನಡುವೆ ಆರೇಳು ಸೆಂ.ಮೀ. ಅಂತರ, ಹೊಸ ಕಾಗದದ ಫಿಲ್ಟರಿನಲ್ಲಿ ಹತ್ತರ ಹತ್ತಿರ. ಬೆಂಗಳೂರಿನ ವಾತಾವರಣದ ಒತ್ತಡ ನೀರಿನ ಲೆಕ್ಕದಲ್ಲಿ ಒಂಬತ್ತು ಮೀಟರಿಗೂ ಸ್ವಲ್ಪ ಹೆಚ್ಚು. ಒಂಬತ್ತು ಮೀಟರಿನಲ್ಲಿ ಮೂರು ಸೆಂ.ಮೀ. ವ್ಯತ್ಯಾಸಕ್ಕೆ ಬ್ರ್ಯಾಂಡಿನ ಫಿಲ್ಟರಿಗೆ ಮೂರು ಸಾವಿರ ಕೊಡಬೇಕೇ? ಒಂದು ಡಿಗ್ರಿ ತಣ್ಣಗೆ ಮಾಡಿದರೆ ಅಷ್ಟೇ ಲಾಭ ಸಿಗುತ್ತದೆ. ಲೆಕ್ಕ ಹೇಳಿದ ಮೇಲೂ ಮೆಕ್ಯಾನಿಕ್ ಒಪ್ಪಲಿಲ್ಲ. ಭಾವ ಸುಮ್ಮನಾದರು.

ಧೂಳಿನ ವಿಚಾರವಂತೂ ನನಗೆ ಪಿಕಪ್ಪಿಗಿಂತ ದೊಡ್ಡದು. ಫಿಲ್ಟರಿನ ಹಿಂದಿನ ಪೈಪಿನ ಒಳಗೋಡೆಗೆ ಗ್ರೀಸನ್ನು ತೆಳ್ಳಗೆ ಸವರಿ ಕೆಲವು ವಾರ ಓಡಿಸಿ ನೋಡಿ. ಕೋನ್ ಇದ್ದಾಗ ಗ್ರೀಸ್ ಬೂದು ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ಕಿರುಗುಟ್ಟುತ್ತಿತ್ತು. ಕಾಗದದ ಫಿಲ್ಟರಿನಲ್ಲಿ ಹಚ್ಚಿದ ಹಾಗೆಯೇ ಇತ್ತು. ಆ ಧೂಳು ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗನ್ನು ತಿನ್ನುತ್ತದೆ. ಅಲ್ಲಿಗೆ ತೀರ್ಮಾನವಾಯಿತು: ಫಿಲ್ಟರ್ ಕಾಗದದ್ದೇ, ಪೆಟ್ಟಿಗೆ ಕಂಪನಿಯದ್ದೇ. ಶಿವಾಜಿನಗರದ ಗುಜರಿಯಲ್ಲಿ ಕ್ಲಿಪ್ಪುಗಳೆಲ್ಲ ಸರಿಯಾಗಿರುವ ಪೆಟ್ಟಿಗೆ ನಾನೂರಕ್ಕೆ ಸಿಕ್ಕಿತು. ಏಳುನೂರು ಹೇಳಿದ್ದರು.

ಇನ್ನು ಪೈಪು. ಮೊದಲು ಹಾಕಿದ್ದು ಅಡುಗೆಮನೆಯ ಚಿಮಣಿಗೆ ಬಳಸುವ ಮಡಿಕೆ ಮಡಿಕೆಯ ಅಲ್ಯೂಮಿನಿಯಂ ಡಕ್ಟ್. ಬೇಕಾದಂತೆ ಬಾಗುತ್ತದೆ, ಹಗುರ, ಅಗ್ಗ. ತಿಂಗಳು ತುಂಬುವುದರೊಳಗೆ ಅದುರಿ ಅದುರಿ ಮಡಿಕೆಯ ಅಂಚಿನಲ್ಲಿ ಸೀಳಿತು. ಫಿಲ್ಟರಿಗಿಂತ ಮುಂಚೆಯೇ ಸೀಳಿದ್ದರಿಂದ ಚೂರು ಒಳಗೆ ಹೋಗಲಿಲ್ಲ. ಫಿಲ್ಟರಿನ ಹಿಂದೆ ಅದನ್ನು ಯಾರೂ ಬಳಸಬೇಡಿ. ಆಮೇಲೆ ಐವತ್ತು ಮಿ.ಮೀ. ಪಿವಿಸಿ. ಜಾಗ ಸಾಲದ ಕಡೆ ಚೆನ್ನಾಗಿ ಕೂರುತ್ತದೆ. ಆದರೆ ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ ಎಂಜಿನ್ ಉಸಿರು ಕಟ್ಟಿದಂತಾಗುತ್ತಿತ್ತು. ಟ್ಯೂಬಿನಲ್ಲಿ ನೀರು ಇಪ್ಪತ್ತೈದು ಸೆಂ.ಮೀ. ಮೀರಿ ಏರಿತು. ಎಪ್ಪತ್ತೈದಕ್ಕೆ ಹೋದೆ, ಉಸಿರು ಸರಿಯಾಯಿತು. ಆಗ ರೇಡಿಯೇಟರಿನ ಪಕ್ಕದ ಎಲ್ಬೋ (ಪೈಪಿನ ತಿರುವಿನ ತುಂಡು) ಬಿಸಿಗೆ ಮೆತ್ತಗಾಗಿ ಮೊಟ್ಟೆಯಾಕಾರಕ್ಕೆ ಬಂದು ಕ್ಲಿಪ್ಪಿನಿಂದ ಜಾರತೊಡಗಿತು. ಪಿವಿಸಿ ಎಪ್ಪತ್ತು ಡಿಗ್ರಿ ದಾಟಿದರೆ ನಂಬುವಂತಿಲ್ಲ. ಪೈಪಿನ ಬಾಯಿಯನ್ನು ಬಂಪರಿನ ಕೆಳಗಿನ ಜಾಲರಿಗೆ ಇಟ್ಟಿದ್ದಾಗ ಗಾಳಿಯೇನೋ ತಣ್ಣಗೇ ಬರುತ್ತಿತ್ತು. ಶಿರಾಡಿ ಘಾಟಿಯಲ್ಲಿ ಜುಲೈ ಮಳೆಗೆ ಮುಂದಿನ ಲಾರಿ ಎರಚಿದ ನೀರೆಲ್ಲ ಅದರಲ್ಲೇ ಹೋಗಿ, ಫಿಲ್ಟರ್ ನೆನೆದು, ಗಾಡಿ ಗುಂಡ್ಯದ ಹತ್ತಿರ ಮುಗ್ಗರಿಸತೊಡಗಿತು. ಬಿಡಿ ಫಿಲ್ಟರ್ ಜೊತೆಗಿತ್ತು, ಬದಲಾಯಿಸಿ ಮುಂದೆ ಹೋದೆ. ನೀರು ಸಿಲಿಂಡರಿಗೆ ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಗ ಎಂಜಿನ್ ಇಳಿಸುವುದೇ ಗತಿ. ಅಂಡರ್‌ಪಾಸುಗಳಲ್ಲಿ ನೀರು ನಿಲ್ಲುವ ಊರಿನಲ್ಲಿ ಬಂಪರಿನ ಕೆಳಗೆ ಬಾಯಿ ಇಡಲೇಬಾರದು.

ಈಗಿನ ವ್ಯವಸ್ಥೆ ಹೀಗಿದೆ. ಪೆಟ್ಟಿಗೆಯಿಂದ ರೇಡಿಯೇಟರಿನ ಮಗ್ಗುಲು ದಾಟುವ ತನಕ ಲಾರಿಯ ಏರ್ ಕ್ಲೀನರಿನ ಮಡಿಕೆ ರಬ್ಬರ್ ಹೋಸ್. ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ಇನ್ನೂರೈವತ್ತಕ್ಕೆ ತಂದ ಹಳೆಯ ಮಾಲು, ಬಿಸಿಗೆ ಜಗ್ಗುವುದಿಲ್ಲ. ಅಲ್ಲಿಂದ ಮುಂದೆ, ತಣ್ಣಗಿರುವ ಭಾಗದಲ್ಲಿ ಮಾತ್ರ ಎಪ್ಪತ್ತೈದರ ಪಿವಿಸಿ. ಬಾಯಿ ಗ್ರಿಲ್ಲಿನ ಹಿಂದೆ, ಹೆಡ್‌ಲೈಟಿನ ಎತ್ತರದಲ್ಲಿ. ಪೈಪ್ ಬಾಗಿಸಲು ಒಣ ಮರಳು ಗಟ್ಟಿಯಾಗಿ ತುಂಬಿ, ಎರಡೂ ತುದಿಗೆ ಬಟ್ಟೆ ಗಿಡಿದು ಹೀಟ್ ಗನ್ ಹಿಡಿಯಬೇಕು. ಹಾಗೆ ಮಾಡಿದರೆ ನೆರಿಗೆ ಬೀಳುವುದಿಲ್ಲ.

ಈ ಕೆಲಸದಲ್ಲಿ ನನಗೆ ಅತ್ಯಂತ ಹೆಮ್ಮೆ ತಂದ ಭಾಗ ಪೈಪಿನ ತಗ್ಗಿನಲ್ಲಿದೆ. ಬಾಯಿಯಿಂದ ಒಳಬಂದ ಪೈಪು ಒಮ್ಮೆ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಆ ತಗ್ಗಿಗೆ ಒಂದು ಟೀ (ಇಂಗ್ಲಿಷಿನ T ಆಕಾರದ ಪೈಪ್ ತುಂಡು) ಹಾಕಿ ಅದರ ಕಾಲನ್ನು ನೆಲದ ಕಡೆ ತಿರುಗಿಸಿದ್ದೇನೆ. ಕಾಲಿಗೆ ಪೈಪಿನ ಅಗಲ ಕುಗ್ಗಿಸುವ ರೆಡ್ಯೂಸರ್, ರೆಡ್ಯೂಸರಿನ ತುದಿಗೆ ಸೈಕಲ್ ಟ್ಯೂಬಿನ ನಾಲ್ಕು ಬೆರಳಷ್ಟು ತುಂಡು. ಟ್ಯೂಬಿನ ಮೇಲ್ತುದಿ ಕ್ಲಿಪ್ಪಿನಲ್ಲಿ ಬಿಗಿದಿದೆ, ಕೆಳತುದಿ ಚಪ್ಪಟೆಯಾಗಿ ತುಟಿ ಮುಚ್ಚಿಕೊಂಡು ನೇತಾಡುತ್ತದೆ. ಎಂಜಿನ್ ಎಳೆಯುವಾಗ ಒಳಗಿನ ಒತ್ತಡ ಕಡಿಮೆಯಾಗಿ ತುಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೆಳಗಿನ ಬಿಸಿ ಗಾಳಿ ನುಗ್ಗುವುದಿಲ್ಲ. ಆಕ್ಸಿಲರೇಟರ್ ಬಿಟ್ಟೊಡನೆ ನಿಂತ ನೀರು ತನ್ನ ಭಾರಕ್ಕೇ ತುಟಿ ಬಿಡಿಸಿಕೊಂಡು ಸುರಿದುಹೋಗುತ್ತದೆ. ಟ್ರ್ಯಾಕ್ಟರ್ ಏರ್ ಕ್ಲೀನರುಗಳ ಬುಡದಲ್ಲಿ ಧೂಳು ಉದುರಿಸಲು ಇರುವ ರಬ್ಬರ್ ವಾಲ್ವಿನ ತತ್ವವೇ ಇದು. ಬಾಯಿಗೆ ಅರ್ಧ ಬಕೆಟ್ ನೀರು ಎರಚಿ ಪರೀಕ್ಷಿಸಿದೆ. ಫಿಲ್ಟರ್ ಒಣಗಿಯೇ ಇತ್ತು. ಒಂದು ಪೂರ್ತಿ ಮಳೆಗಾಲ ಚಾರ್ಮಾಡಿ, ಶಿರಾಡಿ ಎರಡೂ ಕಡೆ ಓಡಿಸಿದ್ದೇನೆ, ಫಿಲ್ಟರ್ ಒದ್ದೆಯಾಗಿಲ್ಲ. ಬಾಯಿಯ ಕೋನ ಎಷ್ಟಿರಬೇಕು, ಅದರ ಮುಂದೆ ಏನು ಕಟ್ಟಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಬಹಳ ಕಾಲ ಬೆವರು ಸುರಿಸಿದ್ದೇನೆ.

ಪೆಟ್ಟಿಗೆಗೂ ಎಂಜಿನ್ನಿಗೂ ನಡುವಿನ ಗೋಡೆ ಹೋಟೆಲಿನಿಂದ ಮೂವತ್ತು ರೂಪಾಯಿಗೆ ತಂದ ಹದಿನೈದು ಕಿಲೋ ಎಣ್ಣೆ ಡಬ್ಬದ ತಗಡು. ಅಂಚು ಮಡಚಿ, ಮೇಲೆ ಅಲ್ಯೂಮಿನಿಯಂ ಕಿಟಕಿಯವರು ಬಳಸುವ ರಬ್ಬರ್ ಬೀಡಿಂಗ್ ಸಿಕ್ಕಿಸಿದ್ದೇನೆ. ಬಾನೆಟ್ ಮುಚ್ಚಿದಾಗ ಬೀಡಿಂಗ್ ಒತ್ತಿಕೊಂಡು ಬಿಸಿ ಗಾಳಿಯ ದಾರಿ ಮುಚ್ಚಬೇಕು. ಬೀಡಿಂಗ್ ಸರಿಯಾಗಿ ಒತ್ತುತ್ತಿದೆಯೇ ಎಂದು ನೋಡಲು ಅದರ ಮೇಲೆ ಸೀಮೆಸುಣ್ಣ ಬಳಿದು ಬಾನೆಟ್ ಮುಚ್ಚಿ ತೆರೆಯಿರಿ, ಗುರುತು ಬೀಳದ ಕಡೆ ಸಂದು ಇದೆ ಎಂದರ್ಥ.

ಪೈಪಿಗೆ ಗ್ಲಾಸ್ ವೂಲ್ ಸುತ್ತಿ ಮೇಲೆ ಫಾಯಿಲ್ ಟೇಪ್ ಹಾಕಿಯೂ ನೋಡಿದೆ. ಮೈಯೆಲ್ಲ ತುರಿಕೆ, ಲಾಭ ಒಂದು ಡಿಗ್ರಿಯೂ ಇಲ್ಲ. ಯೋಚಿಸಿದರೆ ಕಾರಣ ಸರಳ. ನಾಲ್ಕು ಸಾವಿರ ಆರ್‌ಪಿಎಂನಲ್ಲಿ ಈ ಎಂಜಿನ್ ಸೆಕೆಂಡಿಗೆ ನಲವತ್ತು ಲೀಟರಿನಷ್ಟು ಗಾಳಿ ನುಂಗುತ್ತದೆ. ಎರಡು ಅಡಿ ಪೈಪನ್ನು ದಾಟಲು ಗಾಳಿಗೆ ಸೆಕೆಂಡಿನ ಹತ್ತರಲ್ಲಿ ಒಂದು ಭಾಗವೂ ಬೇಡ. ಅಷ್ಟರಲ್ಲಿ ಅದು ಬಿಸಿಯಾಗುವುದಾದರೂ ಎಲ್ಲಿಂದ? ಗಾಳಿ ಎಲ್ಲಿಂದ ಹೊರಡುತ್ತದೆ ಎಂಬುದು ಮುಖ್ಯ, ದಾರಿಗೆ ಕಂಬಳಿ ಹೊದಿಸುವುದಲ್ಲ.

ಈಗ ಅದೇ 31 ಡಿಗ್ರಿಯ ದಿನಗಳಲ್ಲಿ ಓಡುವಾಗ ಒಳಹೋಗುವ ಗಾಳಿ 34, 35 ಡಿಗ್ರಿ. ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ನಿಂತರೆ 45ಕ್ಕೆ ಏರುತ್ತದೆ, ಹೊರಟು ಎರಡು ಫರ್ಲಾಂಗ್ ಹೋಗುವಷ್ಟರಲ್ಲಿ ಇಳಿಯುತ್ತದೆ. ಎ.ಸಿ. ಹಾಕಿಕೊಂಡು ಘಾಟಿ ಏರುವಾಗ ಬರುತ್ತಿದ್ದ ಟಕಟಕ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು) ನಿಂತಿದೆ. ನನ್ನ ಅಂದಾಜಿಗೆ ಎಂಜಿನ್ನಿಗೆ ಮೂರು, ಹೆಚ್ಚೆಂದರೆ ನಾಲ್ಕು ಅಶ್ವಶಕ್ತಿ ಮರಳಿ ಬಂದಿದೆ. ಹದಿನೈದು ಬಂತು ಎನ್ನುವ ಕಿಟ್ ಮಾರಾಟಗಾರರ ಮಾತು ನಂಬಬೇಡಿ. ಮೈಲೇಜು ಮೊದಲೂ ಹದಿಮೂರು ಚಿಲ್ಲರೆ, ಈಗಲೂ ಅಷ್ಟೇ. ಸಮವೇಗದಲ್ಲಿ ಹೋಗುವಾಗ ಗಾಳಿಯನ್ನು ತಡೆಯುತ್ತಿರುವುದು ಆಕ್ಸಿಲರೇಟರಿನಿಂದ ತೆರೆದು ಮುಚ್ಚುವ ಥ್ರಾಟಲ್ಲೇ. ಅಲ್ಲಿ ತಣ್ಣನೆ ಗಾಳಿಗೆ ಕೆಲಸವಿಲ್ಲ.

ಸಮಯ ಅಳೆಯುವವರು ಎಚ್ಚರ ವಹಿಸಬೇಕಾದ ಸಂಗತಿ ಇನ್ನೊಂದಿದೆ. ಮಂಗಳೂರಿಗೆ ಹೋದಾಗ ಗಾಡಿ ಅಲ್ಲಿ ಇನ್ನೂ ಚುರುಕಾಯಿತು. ಅದು ಪೈಪಿನ ಮಹಿಮೆಯಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಒತ್ತಡ ಕರಾವಳಿಗಿಂತ ಶೇ. 10ರಷ್ಟು ಕಡಿಮೆ. ಆದ್ದರಿಂದ ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ದಿಕ್ಕು, ಟ್ಯಾಂಕಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಪೆಟ್ರೋಲ್ ಇಟ್ಟುಕೊಂಡು ಅಳೆಯಿರಿ. ಸ್ಟಾಪ್‌ವಾಚ್ ಬೇಡ. ಪಕ್ಕದವರು ಮೊಬೈಲಿನಲ್ಲಿ ಸ್ಪೀಡೋಮೀಟರಿನ ವಿಡಿಯೊ ತೆಗೆಯಲಿ, ಮನೆಯಲ್ಲಿ ಕುಳಿತು ನಿಧಾನವಾಗಿ ಎಣಿಸಬಹುದು.

ಹಾಕಿ ಕೈಬಿಟ್ಟ ಸಾಮಾನೆಲ್ಲ ಸೇರಿಸಿದರೆ ಖರ್ಚು ಸಾವಿರದ ನಾನೂರಕ್ಕಿಂತ ಹೆಚ್ಚು. ಈಗ ಗಾಡಿಯಲ್ಲಿರುವ ಸಾಮಾನಿನ ಲೆಕ್ಕ ಮಾತ್ರ ಹೇಳುತ್ತೇನೆ: ಪೆಟ್ಟಿಗೆ, ಹೋಸ್ ಸೇರಿ ಆರುನೂರೈವತ್ತು, ಹೊಸ ಕಾಗದದ ಫಿಲ್ಟರ್ ಇನ್ನೂರರೊಳಗೆ, ಪಿವಿಸಿ ಪೈಪು, ಟೀ, ರೆಡ್ಯೂಸರ್ ಎಲ್ಲ ಇನ್ನೂರು ಚಿಲ್ಲರೆ, ಕ್ಲಿಪ್ಪು, ಬೀಡಿಂಗ್, ತಗಡು ಸೇರಿ ಇನ್ನೂರು, ಥರ್ಮಾಮೀಟರ್ ನೂರೈವತ್ತು. ಕೋನ್ ಫಿಲ್ಟರನ್ನು ಸಾವಿರದ ಇನ್ನೂರಕ್ಕೆ ಮಾರಿದೆ. ನಾನು ವಿಚಾರಿಸಿದಾಗ ರೆಡಿಮೇಡ್ ಕಿಟ್ಟುಗಳನ್ನು ಒಂಬತ್ತು, ಹತ್ತು ಸಾವಿರಕ್ಕೆ ಕಡಿಮೆ ಯಾರೂ ಹೇಳಲಿಲ್ಲ. ಅವುಗಳಲ್ಲೂ ಬಹುಪಾಲಿನವು ಹೊಳೆಯುವ ಪೈಪಿನ ತುದಿಗೆ ಬಾನೆಟ್ಟಿನೊಳಗೇ ಫಿಲ್ಟರ್ ಕೂರಿಸುವಂಥವು.

ದುಡ್ಡು ದಂಡ ಎಂದಿದ್ದ ಮೆಕ್ಯಾನಿಕ್ ಹೋದ ತಿಂಗಳು ತಮ್ಮ ಗಿರಾಕಿಯೊಬ್ಬರ ಮಾರುತಿ ಝೆನ್ ಕಾರು ತಂದು ನಿಲ್ಲಿಸಿದ್ದಾರೆ. ಅದರಲ್ಲಿ ಹೆಡ್‌ಲೈಟಿನ ಹಿಂದೆ ಎಪ್ಪತ್ತೈದರ ಪೈಪಿಗೆ ಜಾಗ ಸಾಲುತ್ತಿಲ್ಲ. ಅರವತ್ತಮೂರರಲ್ಲಿ ಆಗುತ್ತದೆಯೇ ಎಂದು ಲೆವೆಲ್ ಟ್ಯೂಬ್ ಕಟ್ಟಿ ನೋಡುತ್ತಿದ್ದೇನೆ. ಎಂಜಿನ್ ಚಿಕ್ಕದು, ಸಾಕಾಗಬಹುದು. ಸೈಕಲ್ ಟ್ಯೂಬಿನ ತುಂಡನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಬದಲಾಯಿಸಲು ಅವರಿಗೂ ಹೇಳಿದ್ದೇನೆ. ರಬ್ಬರ್ ಬಿರುಸಾದರೆ ತುಟಿ ಮುಚ್ಚುವುದಿಲ್ಲ.