4ನೇ ಸೀಟಿನ ಗೆಳತಿ

ಇಂಗ್ಲೆಂಡಿನ ಡರ್ಹಾಮ್‌ಗೆ ಎಂ.ಎಸ್ಸಿ. ಓದಲು ಹೋದ ಹೊಸತರಲ್ಲಿ ನಾನು ಮನಸ್ಸು ಬಿಚ್ಚಿ ಮಾತನಾಡುತ್ತಿದ್ದುದು ಫೋನಿನಲ್ಲಿ, ಅಮ್ಮನೊಂದಿಗೆ ಮಾತ್ರ. ತರಗತಿ ಮುಗಿದರೆ ಎಲ್ಲರದೂ ಅವರವರ ದಾರಿ. ಅಲ್ಲಿನ ಕಾಲೇಜುಗಳಿಗೆ ತಮ್ಮದೇ ದೋಣಿ ತಂಡಗಳಿವೆ. ಅಕ್ಟೋಬರಿನಲ್ಲಿ ಹೊಸಬರನ್ನು ಸೇರಿಸಿಕೊಳ್ಳುತ್ತಾರೆಂದು ತಿಳಿಯಿತು. ಆನೆಗೊಂದಿಯ ಹರಿಗೋಲುಗಳನ್ನು ನೋಡುತ್ತ ಬೆಳೆದವಳು ನಾನು, ಈಜೂ ಬರುತ್ತಿತ್ತು. ಹೆಸರು ಕೊಟ್ಟೆ.

ಹೊಸಬರ ತಂಡವನ್ನು ಬೇಕೆಂದೇ ಆರಿಸಿಕೊಂಡೆ. ಬ್ಯಾಡ್ಮಿಂಟನ್ನಿಗೆ ಬಂದವರೆಲ್ಲ ಶಾಲೆಯಿಂದಲೇ ಆಡಿ ಪಳಗಿದವರು. ಇಲ್ಲಿ ಎಂಟರಲ್ಲಿ ಆರು ಜನ ಹುಟ್ಟನ್ನು ಮೊದಲ ಸಲ ಮುಟ್ಟಿದವರು. ಒಟ್ಟಿಗೆ ಕಲಿಯುವವರ ನಡುವೆ ಸಲಿಗೆ ಬೇಗ ಬೆಳೆಯುತ್ತದೆ.

ಬೆಳಗ್ಗೆ ಆರೂವರೆಗೆ, ಕತ್ತಲಿರುವಾಗಲೇ, ವಿಯರ್ ನದಿಯ ದಂಡೆಯಲ್ಲಿರಬೇಕು. 17 ಮೀಟರಿಗೂ ಉದ್ದದ, ಸುಮಾರು 100 ಕಿಲೋ ತೂಕದ ದೋಣಿಯನ್ನು ಎಂಟೂ ಜನ ಒಟ್ಟಿಗೆ ಹೊತ್ತು ನೀರಿಗಿಳಿಸಬೇಕು. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ದಾರಿಯನ್ನು ನೋಡಿಕೊಳ್ಳುವುದು ಚುಕ್ಕಾಣಿ ಹಿಡಿದ ಕಾಕ್ಸ್. ನನ್ನದು 3ನೇ ಸೀಟು. ಕಣ್ಣೆದುರಿಗೆ ಸದಾ 4ನೇ ಸೀಟಿನವಳ ಬೆನ್ನು. ಅವಳ ಹೆಸರಿಗಿಂತ ಮೊದಲು ನನಗೆ ಪರಿಚಯವಾದದ್ದು ಜಡೆಗೆ ಬಿಗಿದ ಹಸಿರು ರಬ್ಬರ್ ಬ್ಯಾಂಡು, ಹುಟ್ಟು ಎಳೆಯುವ ಮುನ್ನ ತುಸುವೇ ಏರುವ ಎಡ ಹೆಗಲು. ಆ ಹೆಗಲು ಏರಿದೊಡನೆ ನಾನೂ ಸಿದ್ಧಳಾಗುತ್ತಿದ್ದೆ. ಅವಳು ಆ ಸೀಮೆಯವಳೇ. ಅವಳ ಇಂಗ್ಲಿಷ್ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ದೋಣಿಯಲ್ಲಿ ಅದು ಬೇಕಾಗಲೂ ಇಲ್ಲ.

ಎರಡನೇ ವಾರ ನನ್ನ ಹುಟ್ಟು ನೀರಿನಲ್ಲಿ ಓರೆಯಾಗಿ ಸಿಕ್ಕಿಕೊಂಡು, ಅದರ ಹಿಡಿ ಎದೆಗೆ ಬಡಿಯಿತು. ಅವರ ಮಾತಿನಲ್ಲಿ ಇದು ‘ಏಡಿ ಹಿಡಿಯುವುದು’. ನನ್ನಿಂದಾಗಿ ದೋಣಿಯೇ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದಳು.

ಮಾತು ಬೆಳೆದದ್ದು ಮಾತ್ರ ದಡದಲ್ಲಿ. ಮಳೆಗೆ ನದಿ ತುಂಬಿ ಹರಿದರೆ ದೋಣಿ ಇಳಿಸುವಂತಿಲ್ಲ. ಅಂಥ ಬೆಳಗುಗಳಲ್ಲಿ ಹುಟ್ಟು ಹಾಕುವುದನ್ನು ಅಭ್ಯಾಸ ಮಾಡುವ ಯಂತ್ರದ ಮೇಲೆ 2,000 ಮೀಟರ್ ಎಳೆದು, ಎಲ್ಲರೂ ಒಟ್ಟಿಗೆ ತಿಂಡಿಗೆ ಹೋಗುತ್ತಿದ್ದರು. ಮೊದಲ ಮೂರು ವಾರ ನಾನು ಓದುವುದಿದೆ ಎಂದು ಕೋಣೆಗೆ ಹಿಂದಿರುಗುತ್ತಿದ್ದೆ. ಆ ಮೂರು ವಾರ ನನಗೆ ನಷ್ಟವೇ. ತಂಡ ಸೇರುವವರು ಅಭ್ಯಾಸದಷ್ಟೇ ಆ ತಿಂಡಿಗೂ ಬೆಲೆ ಕೊಡಬೇಕು. ಒಬ್ಬಳ ಅಪ್ಪನ ಕಾಯಿಲೆ, ಇನ್ನೊಬ್ಬಳ ಫೀಸಿನ ಚಿಂತೆ, ನನ್ನ ಊರಿನ ನೆನಪು ಎಲ್ಲವೂ ಹೊರಬಂದದ್ದು ಟೋಸ್ಟಿನ ತಟ್ಟೆಗಳ ಮುಂದೆ. ಆಮೇಲೆ ದೋಣಿ ಒರೆಸುವ ಸರದಿಯನ್ನೂ ಕೇಳಿ ಪಡೆದೆ. ಒಂದು ಭಾನುವಾರ ಎಲ್ಲರಿಗೂ ಚಿತ್ರಾನ್ನ ಕಲಸಿದೆ.

1834ರಲ್ಲಿ ಶುರುವಾದ ಡರ್ಹಾಮ್ ರೆಗಟ್ಟಾ ಎಂಬ ದೋಣಿ ಸ್ಪರ್ಧೆ ಜೂನಿನಲ್ಲಿ ನಡೆಯುತ್ತದೆ. ನಾವು ಮೊದಲ ಸುತ್ತಿನಲ್ಲೇ ಸೋತೆವು. ಒದ್ದೆ ಬಟ್ಟೆಯಲ್ಲೇ ಹುಲ್ಲಿನ ಮೇಲೆ ಕುಳಿತು, ಸಂಜೆಯವರೆಗೆ ಉಳಿದವರಿಗಾಗಿ ಕೂಗಿದೆವು.

ಕಳೆದ ಜನವರಿಯಲ್ಲಿ 4ನೇ ಸೀಟಿನವಳು ಆನೆಗೊಂದಿಗೆ ಬಂದಿದ್ದಳು. ಹರಿಗೋಲು ಹತ್ತಿ ಸುತ್ತಲೂ ನೋಡಿ, “ಇದರ ಮುಂಭಾಗ ಯಾವುದು?” ಎಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದಾಗ ಅಂಬಿಗ ತಾತ ನಕ್ಕು, ಹುಟ್ಟನ್ನು ಅವಳ ಕೈಗೆ ಕೊಟ್ಟರು. ಈ ಸಲ ನಾನು ಅವಳಿಗೆ ಎದುರಾಗಿ ಕುಳಿತೆ.