ಹಳೇ ಜೋಳದ ಹಿಟ್ಟಿಗೆ ಎಸರು ಹಾಕಿ ನೋಡಿ

ವಿಜಯಪುರದ ನಮ್ಮ ಮನೆಯಲ್ಲಿ ದಿನಾ ಬಿಳಿಜೋಳದ ರೊಟ್ಟಿ. ಮಾಲದಂಡಿ ಜೋಳ ಸಿಕ್ಕರೆ ನನಗೆ ಬೇರೆ ಏನೂ ಬೇಡ. ಆದರೆ ಬೀಸಿ ಬಹಳ ದಿನವಾದರೆ ಹಿಟ್ಟಿನ ಜಿಗಿ ಹೋಗುತ್ತದೆ, ತಟ್ಟುವಾಗ ಅಂಚು ಸೀಳುತ್ತದೆ. ಅದನ್ನು ಚೆಲ್ಲಬೇಡಿ. ಎಸರು, ಅಂದರೆ ಕುದಿಯುವ ನೀರು ಹಾಕಿ ಕಲಸುವ ಈ ಉಪಾಯ ಬಾಗಲಕೋಟೆಯ ನಮ್ಮ ಅತ್ತೆ ಹೇಳಿಕೊಟ್ಟದ್ದು.

ನೀರು ಕಳಕಳ ಕುದಿಯಬೇಕು, ಸುಮ್ನೆ ಬೆಚ್ಚಗಾದರೆ ಸಾಲದು. ಪರಾತದಲ್ಲಿ ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಸುರಿಯಿರಿ. ಚಮಚದಿಂದ ಕಲಸಿ 5 ನಿಮಿಷ ಮುಚ್ಚಿಡಿ. ಜೋಳದಲ್ಲಿ ಗೋಧಿಯಂಥ ಅಂಟಿಲ್ಲ ಅಲ್ವಾ, ಬಿಸಿಗೆ ಪಿಷ್ಟ ಬೆಂದರೇನೇ ಹಿಟ್ಟು ಹಿಡಿದುಕೊಳ್ಳುವುದು. ಆಮೇಲೆ ಒಂದು ಸಲಕ್ಕೆ ಎರಡೇ ರೊಟ್ಟಿಯಷ್ಟು ತೆಗೆದುಕೊಂಡು ಅಂಗೈಯಿಂದ ಜೋರಾಗಿ ನಾದಿ.

ಬಿಸಿ ರೊಟ್ಟಿಗೆ ಗುರೆಳ್ಳು ಚಟ್ನಿ, ಕೆನೆಮೊಸರು ಹಚ್ಚಿ ತಿನ್ನಿ.